ಮೇಷ್ಟ್ರು ನೀರು ಕುಡಿಯಲು ಏಳುತ್ತಿದ್ದ ವಾಕ್ಯ

ಇದು ನಿಜವಾಗಿ ನಡೆದ ಕಥೆ. ನಡೆದ ಕಥೆ ಅನ್ನುವುದಕ್ಕಿಂತ ಬಿದ್ದ ಕಥೆ ಅನ್ನುವುದೇ ಸರಿ, ಯಾಕೆಂದರೆ ಇದರಲ್ಲಿ ಯಾರೂ ಅಷ್ಟಾಗಿ ನಡೆಯುವುದಿಲ್ಲ, ಎಲ್ಲರೂ ಬೀಳುತ್ತಾರೆ. ಟಿಕೆಟ್ ತೆಗೆದುಕೊಂಡು, ಸಾಲಾಗಿ ಒಳಗೆ ಬಂದು, ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಮೈಚೆಲ್ಲಿ, ಕತ್ತಲಲ್ಲಿ ನಲವತ್ತೆರಡು ನಿಮಿಷ ಬೀಳುತ್ತಾರೆ. ಆಮೇಲೆ ಕಾಲಲ್ಲೇ ತಡಕಾಡಿ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಆ ಊರಿನಲ್ಲಿ ಒಂದಿಡೀ ತಲೆಮಾರು ಹೀಗೆ ಬಿದ್ದೇ ಬೆಳೆದದ್ದು.

ಬೀಳಿಸುತ್ತಿದ್ದದ್ದು ಊರಿನ ತಾರಾಲಯ. ಹೊರಗಿನವರ ಬಾಯಲ್ಲಿ ತಾರಾಲಯ, ಒಳಗೆ ಕೆಲಸ ಮಾಡುವವರ ಬಾಯಲ್ಲಿ ಗುಮ್ಮಟ. ಬೋರಲು ಹಾಕಿದ ಬಟ್ಟಲಿನಂಥ ಬಿಳಿ ಛಾವಣಿ, ಅದರ ಕೆಳಗೆ ಸುತ್ತಲೂ ಕುರ್ಚಿ, ನಟ್ಟನಡುವೆ ಎರಡು ದಪ್ಪ ತಲೆಯ, ಸಪೂರ ಸೊಂಟದ ಕಪ್ಪು ಪ್ರೊಜೆಕ್ಟರು. ಅದಕ್ಕೆ ಸಿಬ್ಬಂದಿ ಇಟ್ಟ ಹೆಸರು ಇರುವೆ. ಇರುವೆ ತಿರುಗಿದರೆ ನಕ್ಷತ್ರ ತಿರುಗುತ್ತಿದ್ದವು. ಇರುವೆ ಕೆಟ್ಟರೆ ಆಕಾಶಕ್ಕೆ ಎರಡು ದಿನ ರಜೆ. ಹಿಂದುಗಡೆ ಗೋಡೆಗೆ ಒತ್ತಿಕೊಂಡು ಆರೋಪಿಗಳನ್ನು ನಿಲ್ಲಿಸುವಂಥ ಒಂದು ಮರದ ಕಟಕಟೆ. ಅದರೊಳಗೆ ಬಣ್ಣ ಸವೆದ ಗುಂಡಿಗಳು, ದನಿ ಬೆಳಕು ಏರಿಸಿ ಇಳಿಸುವ ಜಾರುಪಟ್ಟಿಗಳು, ಟೇಪ್ ಯಂತ್ರ, ಪ್ರಕಟಣೆ ಹೇಳಲು ಒಂದು ಮೈಕು, ಮೈಕು ಚಾಲೂ ಇದ್ದರೆ ಉರಿಯುವ ಕೆಂಪು ಬಲ್ಬು. ಆ ಕಟಕಟೆಯಲ್ಲಿ ಕೂರುತ್ತಿದ್ದವಳು ಕಾಪಿ.

ಕಾಪಿ ಅನ್ನುವುದು ಅವಳ ಹೆಸರಲ್ಲ, ಚಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮು, ಲೈಬ್ರರಿಯವರ 'ಶ್', ಚುನಾವಣೆಗೆ ನಿಂತ ಸೀನಿಯರನ ಗದ್ಗದ, ಕೊನೆಗೆ ಕ್ಯಾಂಟೀನಿನ ರುಬ್ಬುವ ಯಂತ್ರ, ಯಾವುದನ್ನೂ ಅವಳ ಗಂಟಲು ಬಿಟ್ಟಿರಲಿಲ್ಲ. ಕೈಯಲ್ಲಿ ಕಾಪಿ ಹೊಡೆದವರು ಡಿಬಾರಾದರು, ಬಾಯಲ್ಲಿ ಕಾಪಿ ಹೊಡೆದ ಇವಳಿಗೆ ವಾರ್ಷಿಕೋತ್ಸವದಲ್ಲಿ ಕಪ್ಪು ಸಿಕ್ಕಿತು. ಕಂಚಿನ ಕಪ್ಪು, ಆದರೆ ಕಪ್ಪಾಗಿ ಹೋಗಿದೆ. ಹುಟ್ಟಿನಿಂದಲೇ ದಪ್ಪ ದನಿ. ಫೋನೆತ್ತಿ ಹಲೋ ಅಂದರೆ ಆ ಕಡೆಯವರು 'ಹೇಳಿ ಸಾರ್' ಅನ್ನುತ್ತಿದ್ದರು. ಫಿಸಿಕ್ಸ್ ಡಿಗ್ರಿ ಮುಗಿಸಿ ಗುಮ್ಮಟಕ್ಕೆ ಆಪರೇಟರಾಗಿ ಬಂದ ಮೊದಲ ವಾರವೇ ಅವಳು ಇರುವೆಯ ಮೋಟಾರಿನ ಗೊರಗೊರವನ್ನು ಎಷ್ಟು ಚೆನ್ನಾಗಿ ಹೊರಡಿಸಿದಳೆಂದರೆ, ಧ್ವನಿ ವಿಭಾಗದ ಸೌಂಡಪ್ಪ ಎಣ್ಣೆ ಡಬ್ಬಿ ಹಿಡಿದು ಓಡಿಬಂದ.

ಗುಮ್ಮಟದಲ್ಲಿ ಹಲವು ಪ್ರದರ್ಶನಗಳಿದ್ದವು. ಗ್ರಹಣದ್ದು ಒಂದು, ಧೂಮಕೇತುವಿನದು ಒಂದು. ಜನ ಬರುತ್ತಿದ್ದದ್ದು ಮಾತ್ರ 'ಆ ಕಡೆಗೆ' ನೋಡಲು. ಅದರ ಸಂಗತಿ ಸರಳ. ಭೂಮಿಯ ಈ ಬದಿಯಿಂದ ಆ ಬದಿಗೆ, ನಡುಮಧ್ಯದ ಮೂಲಕ, ನೆಟ್ಟಗೆ ಒಂದು ಸುರಂಗ ಕೊರೆದಿದ್ದಾರೆ ಎಂದುಕೊಳ್ಳಿ. ಒಳಗಿನ ಬೆಂಕಿ ಆರಿಸಿದ್ದಾರೆ, ಗಾಳಿ ಹೀರಿ ತೆಗೆದಿದ್ದಾರೆ, ನಿಮಗೆ ಉಸಿರಿಗೆ ಏನೋ ವ್ಯವಸ್ಥೆ ಮಾಡಿದ್ದಾರೆ. ಅಂಚಿನಲ್ಲಿ ನಿಂತು ಕಾಲೆತ್ತುತ್ತೀರಿ. ಅಷ್ಟೇ ನಿಮ್ಮ ಕೆಲಸ, ಉಳಿದದ್ದು ಭೂಮಿಯದು. ಛಾವಣಿಯ ಮೇಲೆ ಸುರಂಗದ ಬಾಯಿ ತಟ್ಟೆಯಾಗಿ, ನಾಣ್ಯವಾಗಿ, ಚುಕ್ಕಿಯಾಗಿ ಇಲ್ಲವಾಗುತ್ತದೆ. ಸುತ್ತ ಕಲ್ಲಿನ ಪದರಗಳು ಮೇಲಕ್ಕೆ ಓಡುತ್ತವೆ. ವೇಗ ಏರುತ್ತ ಏರುತ್ತ, ಕೇಂದ್ರಕ್ಕೆ ಬರುವಷ್ಟರಲ್ಲಿ ಸೆಕೆಂಡಿಗೆ ಎಂಟು ಕಿಲೋಮೀಟರಿನ ಹತ್ತಿರ. ಅಲ್ಲಿಂದಾಚೆಗೆ ಬೀಳುವುದು ಏರುವುದಾಗುತ್ತದೆ. ಓಟ ತಗ್ಗುತ್ತ ಬಂದು, ಆಚೆ ಬಾಯಿಯ ಅಂಚಿಗೆ ಸರಿಯಾಗಿ ನಿಲ್ಲುತ್ತೀರಿ. ಒಂದು ಕಣ್ಣುಮಿಟುಕು, ಅಷ್ಟೇ. ಅಲ್ಲಿನವರು ಯಾರಾದರೂ ಕೈಹಿಡಿದು ಎಳೆದುಕೊಂಡರೆ ಉಂಟು, ಇಲ್ಲವಾದರೆ ಮತ್ತೆ ಈ ಕಡೆಗೆ ಹೊರಟಿರಿ. ಒಮ್ಮೆ ಹೋಗಲು ನಲವತ್ತೆರಡು ನಿಮಿಷ. ಪ್ರದರ್ಶನವೂ ಅಷ್ಟೇ ಉದ್ದ, ಕೇಂದ್ರ ಸರಿಯಾಗಿ ಅರ್ಧಕ್ಕೆ.

ಇದನ್ನು ಬರೆದು, ಟೇಪಿನಲ್ಲಿ ಓದಿದವರು ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳಿ, ಆಮೇಲೆ ಗುಮ್ಮಟಕ್ಕೆ ಬಂದು, ಕೊನೆಗೆ ಅದರ ನಿರ್ದೇಶಕರಾಗಿ ನಿವೃತ್ತರಾದರೂ ಊರಿಗೆಲ್ಲ ಅವರು ಮೇಷ್ಟ್ರೇ. ಟೇಪಿನ ದನಿ ಅವರ ನಡುಹರೆಯದ್ದು. ಗೋಧಿ ಹಿಟ್ಟಿನ ಹಾಗೆ ನುಣ್ಣಗೆ, ತುಸು ಬೆಚ್ಚಗೆ. ಮುಖ್ಯವಾದ ಮಾತಿಗೆ ಮೊದಲು 'ಈಗ' ಅನ್ನುವುದನ್ನು ಅವರು 'ಈ...ಗ' ಎಂದು ಎಳೆಯುತ್ತಿದ್ದರು. ಆ ಎಳೆತಕ್ಕೆ ಸಭಾಂಗಣದಲ್ಲಿ ಅಳುತ್ತಿದ್ದ ಕೂಸುಗಳೂ ಬಾಯಿ ಮುಚ್ಚುತ್ತಿದ್ದವು. ಮಧ್ಯೆ ಒಂದು ತಮಾಷೆಯೂ ಇತ್ತು. ಸುರಂಗ ಕೇಂದ್ರದ ಮೂಲಕವೇ ಹೋಗಬೇಕಂತಿಲ್ಲ, ಯಾವ ಎರಡು ಊರಿನ ನಡುವೆ ನೆಟ್ಟಗೆ ಕೊರೆದರೂ ಜಾರಿ ಹೋಗಲು ಹಿಡಿಯುವ ಹೊತ್ತು ಅದೇ. ಹಾಗಾಗಿ ಪಕ್ಕದ ಬೀದಿಯ ಅತ್ತೆ ಮನೆಗೆ ಕೊರೆದರೂ ನಲವತ್ತೆರಡು ನಿಮಿಷವೇ, ನೆಂಟರು ಅಂತ ರಿಯಾಯಿತಿ ಇಲ್ಲ. ಎಷ್ಟನೇ ಸಲ ಕೇಳಿದರೂ ಇಲ್ಲಿ ನಗಲೇಬೇಕೆಂದು ಊರಿನವರು ತೀರ್ಮಾನಿಸಿಬಿಟ್ಟಿದ್ದರು. ಪರೀಕ್ಷೆ ಮುಗಿದವರು ಬಿದ್ದರು, ಕೆಲಸ ಸಿಕ್ಕವರು ಬಿದ್ದರು, ಪ್ರೀತಿಯಲ್ಲಿ ಬಿದ್ದವರಂತೂ ಕೊನೆಯ ಸಾಲು ಹಿಡಿದು ವಾರವಾರವೂ ಬಿದ್ದರು. ಕಟಕಟೆಯಿಂದ ಕಾಪಿಗೆ ಎಲ್ಲ ಕಾಣುತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಮೇಷ್ಟ್ರು ಕಾಣುತ್ತಿದ್ದರು.

ಮೇಷ್ಟ್ರದು ಒಂದು ವಿಚಿತ್ರ ಅಭ್ಯಾಸ. ಪ್ರದರ್ಶನಕ್ಕೆ ತಪ್ಪದೆ ಬಂದು ಓಡಾಟದ ದಾರಿಗೆ ಅಂಟಿದ ಕುರ್ಚಿಯಲ್ಲಿ ಕೂರುವರು. ಕೇಂದ್ರ ಬರುವ ಸ್ವಲ್ಪ ಮೊದಲು ಎದ್ದು ಹೊರಗೆ ಹೋಗುವರು. ಪಡಸಾಲೆಯಲ್ಲಿ ನೀರಿನ ಡ್ರಮ್ಮು, ಅದಕ್ಕೆ ಸರಪಳಿಯಿಂದ ಕಟ್ಟಿದ ಲೋಟ. ಒಂದು ಲೋಟ ನೀರನ್ನು ಔಷಧಿಯ ಹಾಗೆ ಗುಟುಕು ಗುಟುಕಾಗಿ ಕುಡಿದು, ಬಾಯೊರೆಸಿಕೊಂಡು, ಬಾಗಿಲಾಚೆಯಿಂದಲೇ ಮನೆಗೆ ಹೋಗುವರು. ಮೊದಮೊದಲು ಕಾಪಿ ಇದೇನೋ ಸಕ್ಕರೆ ಕಾಯಿಲೆ ಎಂದುಕೊಂಡಳು. ಕಾಯಿಲೆಯ ಹೆಸರು ಹೇಳಿದವನು ಸೌಂಡಪ್ಪ. ಕೇಂದ್ರದಲ್ಲಿ ಸಂಗೀತ ನಿಂತು, ಪೂರಾ ಕತ್ತಲಾಗಿ, ಒಂದೇ ಒಂದು ವಾಕ್ಯ ಬರುತ್ತದಲ್ಲ, ಮೇಷ್ಟ್ರು ಅದನ್ನು ಕೇಳಲಾರದೆ ಓಡಿಹೋಗುತ್ತಾರೆ ಎಂದ.

ವಾಕ್ಯ ಹೀಗಿತ್ತು: 'ಈ...ಗ ನೀವು ಭೂಮಿಯ ಕೇಂದ್ರದಲ್ಲಿದ್ದೀರಿ. ಬೀಳುತ್ತ ಬೀಳುತ್ತ ಕಡಿಮೆಯಾಗುತ್ತ ಬಂದ ನಿಮ್ಮ ತೂಕ ಇಲ್ಲಿ ಸೊನ್ನೆಯಾಗಿದೆ.'

ಕೇಳಲು ಎಷ್ಟು ಚೆಂದ. ಹೇಳಿದ್ದು ಮಾತ್ರ ತಪ್ಪು. ಸುರಂಗದ ಗೋಡೆಗೆ ಏಣಿ ಹಾಕಿ ಒಂದೊಂದೇ ಮೆಟ್ಟಿಲು ಇಳಿಯುವವನಿಗೆ ತೂಕ ಹಾಗೆ ಹಂತಹಂತವಾಗಿ ಕಡಿಮೆಯಾಗುವುದು ನಿಜ. ಬೀಳುವವನ ಪಾಡು ಬೇರೆ. ಅವನ ಪಾದವನ್ನು ಕೆಳಗಿನಿಂದ ಒತ್ತುವಂಥದ್ದು ಏನೂ ಇಲ್ಲ, ಅವನ ಜತೆ ಅವನ ಚಪ್ಪಲಿಯೂ ಅದೇ ವೇಗದಲ್ಲಿ ಬೀಳುತ್ತಿದೆ. ಅಂಚಿನಿಂದ ಕಾಲೆತ್ತಿದ ಗಳಿಗೆಯಲ್ಲೇ ಅವನ ತೂಕ ಸೊನ್ನೆ, ಕೊನೆಯವರೆಗೂ ಸೊನ್ನೆ. ಕೇಂದ್ರ ಬಂತೆಂದು ಅವನಿಗೆ ಗೊತ್ತೇ ಆಗುವುದಿಲ್ಲ. ಪಾಠ ಹೇಳುವ ಮೇಷ್ಟ್ರು ಏಣಿಯವನನ್ನೂ ಬೀಳುವವನನ್ನೂ ಒಂದೇ ವಾಕ್ಯದಲ್ಲಿ ತುರುಕಿಬಿಟ್ಟಿದ್ದರು.

ತಪ್ಪು ಹೊಳೆದದ್ದು ಪ್ರದರ್ಶನ ಶುರುವಾದ ವಾರದಲ್ಲೇ. ಹೇಗೆ ಹೊಳೆಯಿತು ಅನ್ನುವುದನ್ನು ಮೇಷ್ಟ್ರ ಹೆಂಡತಿ, ಗುಮ್ಮಟದವರೆಲ್ಲ ಅಕ್ಕ ಅನ್ನುತ್ತಿದ್ದವರು, ಬಂದವರಿಗೆಲ್ಲ ಹೇಳುತ್ತಿದ್ದರು. ಅಡುಗೆಮನೆಯ ಬಲ್ಬು ಬದಲಿಸಲು ಮೇಷ್ಟ್ರು ಸ್ಟೂಲು ಹತ್ತಿದ್ದಾರೆ. ಸ್ಟೂಲಿನ ಕಾಲು ಲಟಕ್ ಅಂದಿದೆ. ಬೀಳುತ್ತಿರುವಾಗಲೇ, ನೆಲ ಸಿಗುವುದಕ್ಕೆ ಮೊದಲೇ, ಅವರ ಮುಖ ಒಂಥರಾ ಬೆಳಗಿ, ತಕ್ಷಣ ಕಪ್ಪಿಟ್ಟಿದೆ. ನೆಲಕ್ಕೆ ಕುಕ್ಕರಿಸಿದವರು ಸೊಂಟ ಹಿಡಿದುಕೊಳ್ಳುವ ಬದಲು ತಲೆ ಹಿಡಿದುಕೊಂಡು ತಪ್ಪಾಯ್ತು, ತಪ್ಪಾಯ್ತು ಅಂದಿದ್ದಾರೆ. ಅಕ್ಕ, ಹೋಗಲಿ ಬಿಡಿ, ಹಳೇ ಸ್ಟೂಲು ಅಂದಿದ್ದಾರೆ. ಆಗಿನ ನಿರ್ದೇಶಕರ ಹತ್ತಿರ ಓಡಿ ಆ ಒಂದು ವಾಕ್ಯ ಮತ್ತೆ ಓದುತ್ತೇನೆಂದು ಕೇಳಿಕೊಂಡರೆ, ಜನಕ್ಕೆ ಎಲ್ಲಿ ಗೊತ್ತಾಗುತ್ತೆ ಬಿಡ್ರೀ, ಯಾರಾದರೂ ಸುರಂಗಕ್ಕೆ ಬಿದ್ದು ಬಂದು ದೂರು ಕೊಡ್ತಾರಾ ಅಂದರಂತೆ ಅವರು. ಮೇಷ್ಟ್ರೇ ನಿರ್ದೇಶಕರಾಗುವ ಹೊತ್ತಿಗೆ ಟೇಪಿನ ದನಿ ಅಲ್ಲೇ ನಿಂತಿತ್ತು, ಮೇಷ್ಟ್ರ ದನಿ ವಯಸ್ಸಾಗಿ ಮುಂದೆ ಹೋಗಿಬಿಟ್ಟಿತ್ತು.

ಕಾಪಿ ಗುಮ್ಮಟಕ್ಕೆ ಬಂದ ವರ್ಷವೇ ಇನ್ನೊಂದು ಪ್ರಸಂಗ ಆಗಿತ್ತು. ಶಾಲೆಯ ಮಕ್ಕಳು ತುಂಬಿದ್ದ ಒಂದು ಬೆಳಗಿನ ಆಟದಲ್ಲಿ, ಕೇಂದ್ರ ದಾಟಿದ ಮೇಲೆ ಟೇಪ್ ಸಿಕ್ಕಿಕೊಂಡಿತು. ಸೌಂಡಪ್ಪ ಪೆನ್ಸಿಲು ತೂರಿಸಿ ಸುರುಳಿ ಬಿಡಿಸುತ್ತಿರುವಷ್ಟು ಹೊತ್ತು ಕಾಪಿ ಮೈಕಿಗೆ ಬಾಯಿ ತಾಗಿಸಿ, ಸಾಕ್ಷಾತ್ ಮೇಷ್ಟ್ರ ದನಿಯಲ್ಲಿ, ಮಕ್ಕಳನ್ನು ಸುರಂಗದಲ್ಲಿ ಏರಿಸುತ್ತಲೇ ಇದ್ದಳು. ಒಂದು ಮಗುವಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾದದ್ದು ಪಡಸಾಲೆಯಲ್ಲಿ ಲೋಟ ಹಿಡಿದಿದ್ದ ಮೇಷ್ಟ್ರಿಗೆ. ತಾವು ಬರೆಯದ ಮಾತನ್ನು ತಮ್ಮದೇ ದನಿ ಒಳಗೆ ಹೇಳುತ್ತಿದೆ. ಶಭಾಷ್ ಅಂದಾರೆಂದು ಕಾಪಿ ಕಾದಳು. ಅವರು ಕಟಕಟೆಯ ಹತ್ತಿರ ಬಂದು, ಸಿಟ್ಟಿಲ್ಲದೆ, ಬೇಡಿಕೊಳ್ಳುವವರ ಹಾಗೆ ಹೇಳಿದರು:

"ಬೇರೆ ಯಾರನ್ನ ಬೇಕಾದರೂ ಮಾಡಮ್ಮ, ನನ್ನನ್ನ ಬಿಟ್ಟುಬಿಡು. ನನ್ನ ದನೀಲಿ ಒಂದು ತಪ್ಪು ಕೇಳಿಸಿಕೊಂಡೇ ನಾನು ಇಷ್ಟು ನೀರು ಕುಡೀತಿದ್ದೀನಿ. ಇನ್ನೊಬ್ಬರ ತಪ್ಪೂ ಅದರಲ್ಲೇ ಬಂದರೆ ಊರಿನ ಕೆರೆ ಸಾಲದು."

ಮಾಡಲ್ಲ ಸಾರ್ ಅಂದಳು ಕಾಪಿ. ಅಂದವಳು ಮಾತಿಗೆ ತಪ್ಪಲಿಲ್ಲ. ಮದುವೆಯಾದಳು, ಅತ್ತೆಯ ದನಿ, ನಾದಿನಿಯ ದನಿ, ಗಂಡ ತಡವಾಗಿ ಬಂದಾಗ ಹೇಳುವ ನೆಪದ ದನಿ ಎಲ್ಲ ಕಲಿತಳು. ಮೇಷ್ಟ್ರ ದನಿಯನ್ನು ಮಾತ್ರ ಗಂಟಲಿನಲ್ಲಿ ಮಡಿಸಿ ಇಟ್ಟಳು. ವರ್ಷಗಳು ಹೋದವು. ಮೇಷ್ಟ್ರು ನಿವೃತ್ತರಾದರು, ಹಲ್ಲು ಹೊಸದು ಕಟ್ಟಿಸಿದರು, ಕೋಲು ಹಿಡಿದರು. ಸುರಂಗಕ್ಕೆ ಬೀಳುವ ಜನ ಕಡಿಮೆಯಾದರು.

ಹೀಗಿರುವಾಗ ಗುಮ್ಮಟಕ್ಕೆ ಹೊಸ ಯಂತ್ರ ಬರುವುದೆಂದಾಯಿತು. ಇರುವೆಯನ್ನು ಬಿಚ್ಚಿ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು, ಚಿತ್ರಗಳನ್ನೆಲ್ಲ ಹೊಸದಾಗಿ ಮಾಡುವುದು. 'ಆ ಕಡೆಗೆ' ಮಾತ್ರ ಅದೇ ದನಿಯಲ್ಲಿರಲಿ ಎಂದು ಊರಿನವರು ಪಟ್ಟು ಹಿಡಿದರು. ಚಿಕ್ಕಂದಿನಲ್ಲಿ ಅಪ್ಪನ ತೋಳು ಹಿಡಿದು ಬಿದ್ದವರೆಲ್ಲ ಈಗ ಮಕ್ಕಳನ್ನು ಹೆತ್ತವರು, ಅವರ ಮಕ್ಕಳೂ ಅದೇ ದನಿಯಲ್ಲಿ ಬೀಳಬೇಕಂತೆ. ಟೇಪನ್ನು ಕಂಪ್ಯೂಟರಿಗೆ ಇಳಿಸಬೇಕಿತ್ತು. ಸೌಂಡಪ್ಪ ಅದನ್ನು ಬೆಳಕಿಗೆ ಹಿಡಿದು ಮುಖ ಸಣ್ಣ ಮಾಡಿದ. ಮುಟ್ಟಿದರೆ ಕಂದು ಪುಡಿ ಉದುರುತ್ತಿದೆ, ಇನ್ನು ಒಂದು ಸಲ ಓಡಿದರೆ ಅದರ ಪುಣ್ಯ, ಹಳೇ ಯಂತ್ರದ ಕೊನೆಯ ಆಟದ ದಿನವೇ ಓಡಿಸುತ್ತ ಓಡಿಸುತ್ತ ಇಳಿಸಿಕೊಳ್ಳೋಣ ಎಂದ. ಟೇಪು, ಮೈಕು ಎರಡೂ ಒಂದೇ ಕಟಕಟೆಯ ಮೂಲಕ ಹೋಗುವುದರಿಂದ ಅವತ್ತು ಮೈಕಿನ ಹತ್ತಿರ ಯಾರೂ ಸೀನಬಾರದು, ಸೀನಿದರೆ ಸೀನೂ ಶಾಶ್ವತ ಅಂತಲೂ ಎಚ್ಚರಿಸಿದ.

ಸೀನು ಶಾಶ್ವತವಾದರೆ ಆ ವಾಕ್ಯವೂ ಶಾಶ್ವತ. ಇದು ಕಾಪಿಗೆ ಹೊಳೆದ ಕೂಡಲೇ ಅವಳು ಮೇಷ್ಟ್ರ ಮನೆಗೆ ಹೋಗಿ, ಈಗಲಾದರೂ ಸರಿಯಾದ ವಾಕ್ಯ ಓದಿ, ಆ ಜಾಗದಲ್ಲಿ ಸೇರಿಸೋಣ ಎಂದಳು. ಮೇಷ್ಟ್ರು ಮಾರನೇ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಟಲಿಗೆ ಬಿಸಿನೀರು ಹಾಕಿಕೊಂಡು ಬಂದರು. ವಾಕ್ಯ ಬಾಯಿಪಾಠವಾಗಿತ್ತು. ಇಷ್ಟು ವರ್ಷ ಬಾಗಿಲಾಚೆ ನಿಂತು ಅದನ್ನೇ ಮನಸ್ಸಿನಲ್ಲಿ ತಿದ್ದುತ್ತಿದ್ದರೋ ಏನೋ. ಮೂರು ಸಲ ಓದಿದರು. ಸೌಂಡಪ್ಪ, ಹಿಂದೆಂದೋ ಜಾಹೀರಾತಿಗೆ ನಕಲು ಮಾಡಿಟ್ಟಿದ್ದ ಒಂದು ತುಣುಕು ತೆಗೆದು, ಅದರ ಹಿಂದಿನ, ಮುಂದಿನ ಮಾತುಗಳ ನಡುವೆ ಜೋಡಿಸಿ ಕೇಳಿಸಿದ. ನಡುಹರೆಯದ ದನಿ ನುಣ್ಣಗೆ ಬೀಳುತ್ತ ಬಂತು. ಕೇಂದ್ರದಲ್ಲಿ ಇದ್ದಕ್ಕಿದ್ದಂತೆ ಯಾರೋ ತಾತ ಸುರಂಗದೊಳಗೆ ತಲೆ ಹಾಕಿ ಏನೋ ಅಂದು ಹೋದರು. ಹೊಸ ಹಲ್ಲಿನ ಸಂದಿಯಲ್ಲಿ 'ಸೊನ್ನೆ' ಅನ್ನುವುದು ಸಿಳ್ಳೆ ಹೊಡೆಯಿತು. ಆಮೇಲೆ ಮತ್ತೆ ನಡುಹರೆಯ.

ಮೇಷ್ಟ್ರು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ವಾಕ್ಯವನ್ನೇ ಕತ್ತರಿಸಿಬಿಡಬಹುದಲ್ಲ ಎಂದು ಸೌಂಡಪ್ಪ ಕೇಳಿದ್ದಕ್ಕೆ, ಭೂಮಿಯ ನಡುಮಧ್ಯದಲ್ಲಿ ಜನರನ್ನು ಕತ್ತಲಲ್ಲಿ ತಂದು ನಿಲ್ಲಿಸಿ ಸುಮ್ಮನಿದ್ದರೆ ಕರೆಂಟ್ ಹೋಯ್ತು ಅಂತ ಎದ್ದು ಹೋಗುತ್ತಾರೆ ಎಂದರು. ಕಾಪಿ ಗಂಟಲು ಸರಿಮಾಡಿಕೊಂಡದ್ದನ್ನು ಕಂಡು ಕೈಯೆತ್ತಿ ತಡೆದರು. ಬೇಡ, ನನ್ನ ತಪ್ಪು ನನ್ನ ದನಿಯಲ್ಲೇ ಇರಲಿ, ಕೊನೆಯ ಆಟಕ್ಕೆ ಮಾತ್ರ ನನ್ನನ್ನು ಕರೆಯಬೇಡಿ ಎಂದರು. ಕೋಲು ಊರಿಕೊಂಡು ಮೆಟ್ಟಿಲಿಳಿದು ಹೋದರು. ನೀರು ಕುಡಿಯಲೂ ನಿಲ್ಲಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಫೋನು ಮಾಡಿದರು. ಮೇಷ್ಟ್ರು ಮನೆಯಲ್ಲಿ ಮಾತೇ ಬಿಟ್ಟಿದ್ದಾರೆ, ಕೊನೆಯ ಆಟಕ್ಕೆ ನಾನಂತೂ ಹೋಗುವವಳೇ, ಅವರನ್ನು ಎಳೆದುಕೊಂಡಾದರೂ ಬರುತ್ತೇನೆ ಎಂದರು. ಅದೂ ಇದೂ ಆಡುತ್ತ, ಸಾರಿಗೆ ಉಪ್ಪು ಜಾಸ್ತಿಯಾಯಿತು ಅನ್ನುವಷ್ಟೇ ಹಗುರವಾಗಿ ಇನ್ನೊಂದು ಮಾತು ಹೇಳಿದರು:

"ನಾವಿಬ್ಬರೂ ಜತೇಲಿ ಎಷ್ಟು ಸಲ ಬಿದ್ದಿದ್ದೀವೋ ಲೆಕ್ಕ ಇಲ್ಲ ಕಣೇ. ನಡುವಿಗೆ ಬರೋ ಹೊತ್ತಿಗೆ ಪಕ್ಕದ ಕುರ್ಚಿ ಖಾಲಿ. ಆ ಕಡೆಗೆ ನಾನು ಯಾವಾಗಲೂ ಒಬ್ಬಳೇ ಹೋಗಿರೋದು."

ಕಾಪಿ ಫೋನಿಟ್ಟಳು. ಒಂದು ಕಡೆ ಕೊಟ್ಟ ಮಾತು. ಮುರಿದರೆ ಮೇಷ್ಟ್ರು ಮತ್ತೆ ಅವಳ ಮುಖ ನೋಡುತ್ತಾರೋ ಇಲ್ಲವೋ. ಅವಳಿಗೆ ಕೆಲಸ ಕಲಿಸಿದವರು, ರಾತ್ರಿಯ ಆಕಾಶದಲ್ಲಿ ಯಾವುದು ಗ್ರಹ ಯಾವುದು ವಿಮಾನ ಎಂದು ತೋರಿಸಿಕೊಟ್ಟವರು. ಇನ್ನೊಂದು ಕಡೆ ಆ ಖಾಲಿ ಕುರ್ಚಿ. ಕೊನೆಯ ಆಟ ಮುಗಿದರೆ ಅದು ಖಾಲಿಯಾಗಿಯೇ ಮುಗಿಯಿತು.

ಅವತ್ತು ಸಂಜೆ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅವಳು ಮಡಿಸಿಟ್ಟ ದನಿಯನ್ನು ಬಿಚ್ಚಿ ನೋಡಿದಳು. ತುಸು ಮುದುರಿತ್ತು, ನುಸಿ ಹಿಡಿದಿರಲಿಲ್ಲ. 'ಈ...ಗ' ಎಂದಳು. ಬಚ್ಚಲಿನ ಗೋಡೆಗಳು 'ಈಗ ಈಗ' ಎಂದವು. ಹೊರಗೆ ಅತ್ತೆ ಬಾಗಿಲು ತಟ್ಟಿ, ಮಗ ಇನ್ನೂ ಆಫೀಸಿನಿಂದ ಬಂದಿಲ್ಲವಲ್ಲ, ಒಳಗಿರುವ ಗಂಡಸು ಯಾರು ಎಂದು ವಿಚಾರಿಸಿದರು. ಕಾಪಿ ಅದೇ ದನಿಯಲ್ಲಿ, ಭೂಮಿಯ ಕೇಂದ್ರದಲ್ಲಿದ್ದೇನೆ, ಐದು ನಿಮಿಷದಲ್ಲಿ ಬರುತ್ತೇನೆ ಎಂದಳು. ಅತ್ತೆ ಆ ದನಿಗೆ ಮನಸೋತು ಬಿದ್ದ ತಲೆಮಾರಿನವರೇ. ಆಗಲಿ ಸಾರ್, ನಿಧಾನಕ್ಕೆ ಬನ್ನಿ ಎಂದು ಹೇಳಿ ಹೋದರು.

ಕೊನೆಯ ಆಟ ಭಾನುವಾರ ಮಧ್ಯಾಹ್ನ. ಕುರ್ಚಿಗಳು ತುಂಬಿ ಮೆಟ್ಟಿಲಿನ ಮೇಲೂ ಜನ. ಅಕ್ಕ ಹೇಳಿದ ಹಾಗೇ ಮೇಷ್ಟ್ರನ್ನು ಕರೆತಂದರು. ತಂದದ್ದಷ್ಟೇ ಅಲ್ಲ, ನನಗೆ ಮಂಡಿನೋವು, ಕಾಲು ಚಾಚಬೇಕು ಅಂದು ಓಡಾಟದ ದಾರಿಯ ಕುರ್ಚಿಯನ್ನು ತಾವು ಹಿಡಿದು ಮೇಷ್ಟ್ರನ್ನು ಒಳಗಿನ ಕುರ್ಚಿಗೆ ದಾಟಿಸಿದರು. ಮೇಷ್ಟ್ರು ಕೋಲನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಬಾಗಿಲಿನ ಕಡೆ ನೋಡುತ್ತ ಕೂತರು. ಸೌಂಡಪ್ಪ ಕಂಪ್ಯೂಟರಿನ ಗುಂಡಿ ಒತ್ತಿ ಹೆಬ್ಬೆರಳೆತ್ತಿದ. ಕಾಪಿ ದೀಪ ಇಳಿಸಿದಳು.

ಎಲ್ಲರೂ ಅಂಚಿನಿಂದ ಕಾಲೆತ್ತಿದರು. ಸುರಂಗದ ಬಾಯಿ ತಟ್ಟೆಯಾಯಿತು, ನಾಣ್ಯವಾಯಿತು. ಅತ್ತೆ ಮನೆಯ ಮಾತಿಗೆ ಇಡೀ ಗುಮ್ಮಟ, ಅದೂ ದನಿಗಿಂತ ಒಂದು ಗಳಿಗೆ ಮೊದಲೇ, ನಕ್ಕಿತು. ಎಷ್ಟೋ ಜನ ತುಟಿಯಲ್ಲೇ ಟೇಪಿನ ಜತೆ ಹೇಳಿಕೊಳ್ಳುತ್ತಿದ್ದರು. ಮೂರನೆಯ ಸಾಲಿನಲ್ಲಿ ಒಬ್ಬ ದೊಡ್ಡ ಮೀಸೆಯವನು ಹಿಂದೆ ಅಪ್ಪನನ್ನು ಹಿಡಿದಿದ್ದ ಹಾಗೇ ಈಗ ಮಗಳ ತೋಳು ಹಿಡಿದಿದ್ದ. ಬೀಳುತ್ತಿದ್ದದ್ದು ಮಗಳೋ ಅವನೋ ಹೇಳುವುದು ಕಷ್ಟ. ಕಾಪಿಯ ಕಣ್ಣೂ ಮಂಜಾಯಿತು. ಸೀರೆಯ ಸೆರಗಿನಲ್ಲಿ ಒರೆಸಿಕೊಂಡು ಬೆರಳನ್ನು ಟೇಪಿನ ಜಾರುಪಟ್ಟಿಯ ಮೇಲೆ ಇಟ್ಟಳು.

ಸಂಗೀತ ತೆಳ್ಳಗಾಗಿ ನಿಂತಿತು. ಪೂರಾ ಕತ್ತಲು. ಬಾಗಿಲಿನ ಮೇಲಿನ ಹಸಿರು ದೀಪದ ಮಸುಕಿನಲ್ಲಿ ಮಧ್ಯದ ಸಾಲಿನಿಂದ ಒಂದು ಆಕೃತಿ ಕೋಲು ಊರಿ ಎದ್ದಿತು. ಪಕ್ಕದಿಂದ ಒಂದು ಕೈ ಅಂಗಿ ಹಿಡಿದು ಜಗ್ಗಿತು. ಕಾಪಿ ಟೇಪಿನ ದನಿ ಪೂರ್ತಿ ಇಳಿಸಿ ಮೈಕು ತೆರೆದಳು. ಕೆಂಪು ಬಲ್ಬು ಹತ್ತಿತು. ಸೌಂಡಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಈ...ಗ ನೀವು ಭೂಮಿಯ ಕೇಂದ್ರದಲ್ಲಿದ್ದೀರಿ," ಎಂದಿತು ಗುಮ್ಮಟ, ಮೇಷ್ಟ್ರ ನಡುಹರೆಯದ ದನಿಯಲ್ಲಿ. "ಇಲ್ಲಿ ನಿಮಗೆ ತೂಕವಿಲ್ಲ. ಮೇಲೆ, ಅಂಚಿನಿಂದ ಕಾಲೆತ್ತಿದ ಗಳಿಗೆಯಿಂದಲೂ ನಿಮಗೆ ತೂಕವಿರಲಿಲ್ಲ. ಆಚೆ ಬಾಯಿ ತಲುಪುವವರೆಗೂ ಇರುವುದಿಲ್ಲ. ಬೀಳುವವರಿಗೆ ತೂಕವೆಂಬುದೇ ಇಲ್ಲ."

ಆಕೃತಿ ಎದ್ದಲ್ಲೇ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಇಲ್ಲಿಗೆ ಮೈಕು ಮುಚ್ಚಿ, ಟೇಪು ಏರಿಸಬೇಕಿತ್ತು. ಬುದ್ಧಿ ಹೇಳಿದ್ದು ಅದನ್ನೇ. ಆದರೆ ಇಷ್ಟು ವರ್ಷ ಮಡಿಸಿಟ್ಟ ದನಿ, ಒಮ್ಮೆ ಬಿಚ್ಚಿದ ಮೇಲೆ ಸುಮ್ಮನೆ ಮಡಚಿಕೊಳ್ಳುತ್ತದೆಯೇ? ಕಾಲೇಜಿನ ಕಾಪಿ ಎದ್ದು ಕೂತಳು. ಗಂಟಲಿಗೆ ಸಿಕ್ಕ ಗೆಲುವಿನಲ್ಲಿ ನಾಲಗೆ ತಾನಾಗಿ ಮುಂದುವರಿಯಿತು:

"ಈ...ಗ ಮಧ್ಯದ ಸಾಲಿನಲ್ಲಿ ಎದ್ದು ನಿಂತಿರುವ ಹಿರಿಯರು ದಯವಿಟ್ಟು ಕುಳಿತುಕೊಳ್ಳಬೇಕು."

ಅಲ್ಲಲ್ಲಿ ಕಿಸಕ್ ಎಂದು ನಗು ಹುಟ್ಟಿತು. ಅದು ಹಬ್ಬುವಷ್ಟರಲ್ಲಿ ಕತ್ತಲೊಳಗಿಂದ, ಹೊಸ ಹಲ್ಲಿನ ಸಿಳ್ಳೆಯ ಜತೆಗೆ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಹೇಳಿ ಪಳಗಿದ ಮುದಿದನಿಯೊಂದು ಕೇಳಿತು:

"ತೂಕವೇ ಇಲ್ಲದವನು ಕೂರೋದು ಹೇಗಮ್ಮ?"

ಕಾಪಿಗೆ ಆಗ ಹೊಳೆಯಿತು. ಹೌದಲ್ಲ. ಕುರ್ಚಿಗೆ ಒತ್ತಿಕೊಳ್ಳಲು ತೂಕ ಬೇಕು. ಬೀಳುತ್ತಿರುವ ಕುರ್ಚಿಯ ಮೇಲೆ ಬೀಳುತ್ತಿರುವ ಮನುಷ್ಯ ಕೂರಲಾರ, ಬೇಕಾದರೆ ಹಿಡಿದುಕೊಂಡು ತೇಲಬಹುದು. ತೂಕ ಇಲ್ಲ ಅಂತ ಸಾರಿದ ಬಾಯಲ್ಲೇ, ಆ ಉಸಿರು ಆರುವ ಮೊದಲೇ, ಕೂತುಕೊಳ್ಳಿ ಅಂದುಬಿಟ್ಟಿದ್ದಾಳೆ. ಅದೂ ಅವರ ದನಿಯಲ್ಲಿ. ಅವರು ಯಾವುದು ಬೇಡವೆಂದು ಬೇಡಿಕೊಂಡಿದ್ದರೋ ಅದೇ. ಒಂದು ತಪ್ಪು ತೆಗೆದು ಇನ್ನೊಂದು ತಪ್ಪು ನೆಟ್ಟಾಯಿತು, ಕೆಂಪು ಬಲ್ಬು ಉರಿಯುತ್ತಿದೆ, ಕಂಪ್ಯೂಟರು ಅಷ್ಟನ್ನೂ ನುಂಗಿಕೊಳ್ಳುತ್ತಿದೆ. ಸೌಂಡಪ್ಪ ಕೈಯಲ್ಲಿ ಕತ್ತು ಕೊಯ್ಯುವ ಸನ್ನೆ ಮಾಡುತ್ತ ಮೈಕು ಮುಚ್ಚೆಂದು ಕುಣಿಯುತ್ತಿದ್ದಾನೆ. ಅವಳ ಬೆರಳು ಅಲುಗಲಿಲ್ಲ.

ಮೇಷ್ಟ್ರು ನಿಂತೇ ಇದ್ದರು. ತಮ್ಮದೇ ದನಿಯೊಂದು ಮೇಲಿನಿಂದ ಬಂದು ಬುದ್ಧಿಗೇಡಿತನ ಮಾಡಿದೆ, ತಾವು ಕೆಳಗಿನಿಂದ ಅದನ್ನು ತಿದ್ದಿದ್ದಾರೆ, ಒಂದಿಡೀ ಗುಮ್ಮಟದ ಜನ ಅದನ್ನು ಕೇಳಿದ್ದಾರೆ. ಈ ತಪ್ಪು ತಮ್ಮದಲ್ಲ ಅನ್ನುವುದು ಅವರಿಗೆ ನಿಧಾನವಾಗಿ ಒಳಗಿಳಿದಿರಬೇಕು. ಮೊದಲು ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ಇನ್ನೊಂದು. ಅಕ್ಕ ಗಾಬರಿಯಾಗಿ ನೀರು ಬೇಕಾ ಎಂದು ಕೇಳಿದ್ದು ಕಟಕಟೆಯವರೆಗೂ ಕೇಳಿಸಿತು. ಬೇಡ ಬೇಡ ಎಂದು ಕೈಯಾಡಿಸುತ್ತ ಅವರು ಕೋಲು ಬಿಟ್ಟರು, ಅದು ಲಟಪಟ ಎಂದು ಮೆಟ್ಟಿಲಿಳಿದು ಹೋಯಿತು. ಎರಡೂ ಕೈಯಲ್ಲಿ ಹೆಂಡತಿಯ ಭುಜ ಹಿಡಿದು, ನಿಜವಾಗಿಯೂ ತೇಲುತ್ತಿರುವವರ ಹಾಗೆ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತ ನಕ್ಕರು. ಇಡೀ ಗುಮ್ಮಟ ನಗುತ್ತಿತ್ತು. ಮೀಸೆಯವನು ನಗುತ್ತಿದ್ದ, ಅವನ ಮಗಳು ಯಾಕೆಂದು ತಿಳಿಯದೆ ನಗುತ್ತಿದ್ದಳು, ಸೌಂಡಪ್ಪನೂ ಕುಣಿತ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಎಲ್ಲರ ನಗುವಿನ ಮೇಲೆ ಹತ್ತಿ ನಿಂತಂತೆ, ಹಲ್ಲಿನ ಸಿಳ್ಳೆ ಸಮೇತ, ಮೇಷ್ಟ್ರ ನಗು ಛಾವಣಿಗೆ ಬಡಿದು ಕಟಕಟೆಗೆ ಇಳಿದು ತೆರೆದ ಮೈಕಿನೊಳಗೆ ಹೋಗುತ್ತಿತ್ತು.

ಕಾಪಿ ಮೈಕು ಮುಚ್ಚಲಿಲ್ಲ. ಟೇಪಿನ ಜಾರುಪಟ್ಟಿಯನ್ನು ಮಾತ್ರ ಮೆಲ್ಲಗೆ ಮೇಲೇರಿಸಿದಳು. ಸಂಗೀತ ಶುರುವಾಯಿತು, ನೆತ್ತಿಯ ಮೇಲೆ ಸಾಸಿವೆಯಷ್ಟು ಬೆಳಕು ಮೂಡಿತು. ಆಚೆಯ ಬಾಯಿ. ಇನ್ನೂ ಅರ್ಧ ಸುರಂಗ ಬಾಕಿಯಿತ್ತು. ಅಕ್ಕ ಕಣ್ಣೊರೆಸಿಕೊಳ್ಳುತ್ತ, ಸಾಕು ಬನ್ನಿ, ಜನ ನೋಡ್ತಿದ್ದಾರೆ ಎಂದು ಅವರನ್ನು ಪಕ್ಕಕ್ಕೆ ಎಳೆದುಕೊಂಡರು. ಜನ ನಗು ಮುಗಿಸಿ ಮತ್ತೆ ಬೀಳತೊಡಗಿದ್ದರು. ಮೇಷ್ಟ್ರದು ಮುಗಿದಿರಲಿಲ್ಲ. ಕೂರೋದು ಹೇಗೆ ಅಂತ ಮೊದಲು ಅವಳನ್ನ ಕೇಳು ಅನ್ನುತ್ತ, ಬಿಕ್ಕುತ್ತ, ಕುರ್ಚಿಯ ಕೈ ಹಿಡಿದುಕೊಂಡು ಅವರು ಮತ್ತೆ ಗಹಗಹಿಸಿ ನಕ್ಕರು.